ಚಪ್ಪರದ ಹಾಜರಿ, ತರಗತಿಯ ಹಾಜರಿ

ಓಣಂ ರಜೆ ಮುಗಿದು ಶಾಲೆಗಳು ಮತ್ತೆ ತೆರೆಯುವ ಹೊತ್ತಿಗೆ ಚಂದ್ರಗಿರಿ ಹೊಳೆಯಿಂದ ಉತ್ತರದ ನಾಡಿನಲ್ಲಿ ಮಳೆಯ ರೀತಿ ಬದಲಾಗತೊಡಗುತ್ತದೆ. ಆಟಿ ತಿಂಗಳಿನಂತೆ ಹಗಲಿರುಳೂ ಸುರಿಯುವ ಮಳೆಯಲ್ಲ ಅದು. ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಒಂದು ದೊಡ್ಡ ಮಳೆ. ಗುಡ್ಡಗಳಲ್ಲಿ ಮುಳಿಹುಲ್ಲು ಆಳೆತ್ತರ ಬೆಳೆದಿರುತ್ತದೆ. ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಕೆಲಸ ಮುಗಿದಿರುತ್ತದೆ, ಕೊಯ್ಲು ಇನ್ನೂ ಏರಿರುವುದಿಲ್ಲ. ಗದ್ದೆಯನ್ನು ಉಳಿಸಿಕೊಂಡಿರುವ ಕೆಲವೇ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಉಣ್ಣುತ್ತಾರೆ. ಊರಿಗೆ ಒಂದಿಷ್ಟು ಬಿಡುವು ಒದಗುವ ಕಾಲವಿದು. ಕಾವ್ಯಗಳು ಶರತ್ಕಾಲವೆಂದು ಕರೆಯುವ ಈ ತಿಂಗಳುಗಳೇ ಗಡಿನಾಡಿನ ಸಣ್ಣ ಕನ್ನಡ ಶಾಲೆಗಳ ಪಾಲಿಗೆ ವರ್ಷದಲ್ಲಿ ಅತ್ಯಂತ ತುಂಬಿದ ಕಾಲ.

ಅಕ್ಟೋಬರ್ 2ರ ಗಾಂಧಿ ಜಯಂತಿಯಂದು ಹೆತ್ತವರು ಕತ್ತಿ, ಹಾರೆ ಹಿಡಿದು ಬಂದು ಅಂಗಳದ ಹುಲ್ಲು ಸವರುತ್ತಾರೆ, ಬಾವಿಕಟ್ಟೆಯ ಪಾಚಿ ಉಜ್ಜುತ್ತಾರೆ. ನವರಾತ್ರಿಯಲ್ಲಿ ಶಾರದಾ ಪೂಜೆ. ವಿಜಯದಶಮಿಯಂದು ಪುಟ್ಟ ಮಕ್ಕಳಿಗೆ ಅಕ್ಕಿಯಲ್ಲಿ ಅಕ್ಷರಾಭ್ಯಾಸ. ಅದರ ಬೆನ್ನಿಗೆ ಉಪಜಿಲ್ಲಾ ಮಟ್ಟದ ವಿಜ್ಞಾನ, ಗಣಿತ, ವೃತ್ತಿ ಪರಿಚಯ ಮೇಳಗಳು ಮತ್ತು ಕಲೋತ್ಸವ. ನವೆಂಬರ್ 1 ಬರುತ್ತದೆ, ದೀಪಾವಳಿ ಬರುತ್ತದೆ, ನವೆಂಬರ್ 14ರಂದು ಮಕ್ಕಳ ದಿನಾಚರಣೆ ಬರುತ್ತದೆ. ಪಾಠಪುಸ್ತಕ ಕೈಯಲ್ಲಿ ಹಿಡಿದ ಅಧ್ಯಾಪಕರಿಗಿಂತ ಹೆಚ್ಚಾಗಿ ತೆಂಗಿನ ಮಡಲು ಹೆಣೆಯುವ ತಂದೆಯರೂ ಕಾಯಿ ತುರಿಯುವ ತಾಯಂದಿರೂ ಶಾಲೆಯ ಅಂಗಳದಲ್ಲಿ ಕಾಣುವ ದಿನಗಳಿವು.

ಮಂಜೇಶ್ವರ ತಾಲೂಕಿನ ಗುಡ್ಡವೊಂದರ ಇಳಿಜಾರಿನಲ್ಲಿ ಅಂಥದೊಂದು ಶಾಲೆಯಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಒಂದರಿಂದ ಏಳರವರೆಗೆ ತರಗತಿಗಳು, ಒಟ್ಟು 71 ಮಕ್ಕಳು. ಈ ನಾಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಲದಲ್ಲಿ ಊರಿನ ಕೃಷಿಕರೊಬ್ಬರು ತಮ್ಮ ಜಾಗದಲ್ಲಿ ಕಟ್ಟಿದ ಅನುದಾನಿತ ಶಾಲೆ ಅದು. ಕೇರಳದಲ್ಲಿ ಇಂಥ ಶಾಲೆಗಳ ಅಧ್ಯಾಪಕರಿಗೆ ಸಂಬಳ ಕೊಡುವುದು ಸರಕಾರ. ಆದರೆ ಮಾಡಿನ ಹಂಚು ಜಾರಿದರೆ, ಬಾಗಿಲು ಗೆದ್ದಲು ಹಿಡಿದರೆ, ನೀರಿನ ಪಂಪು ಕೆಟ್ಟರೆ ನೋಡಿಕೊಳ್ಳಬೇಕಾದವರು ಶಾಲೆಯ ವ್ಯವಸ್ಥಾಪಕರು. ವ್ಯವಸ್ಥಾಪಕರ ಕೈ ಸೋತಲ್ಲಿ ಊರು ಕೈಗೂಡಿಸಬೇಕು. ಹೀಗಾಗಿ ಈ ಶಾಲೆಗಳು ಪೂರ್ತಿ ಸರಕಾರದವೂ ಅಲ್ಲ, ಪೂರ್ತಿ ಖಾಸಗಿಯೂ ಅಲ್ಲ. ಅವು ನಿಂತಿರುವುದು ಬಹುಮಟ್ಟಿಗೆ ಸುತ್ತಲಿನ ಮನೆಗಳ ಮೇಲೆ.

ಶಾರದಾ ಪೂಜೆಯ ಮುನ್ನಾದಿನ ಆ ಶಾಲೆಗೆ ಹೊರೆಕಾಣಿಕೆ ಬರುತ್ತದೆ. ದೇವಸ್ಥಾನದ ಜಾತ್ರೆಗೆ ಬರುವ ಹೊರೆಕಾಣಿಕೆಯಂತೆ ಅದಕ್ಕೆ ಮೆರವಣಿಗೆಯಿಲ್ಲ. ಒಬ್ಬರು ಸ್ಕೂಟರಿನಲ್ಲಿ ಎರಡು ಸೌತೆಕಾಯಿ ತರುತ್ತಾರೆ, ಇನ್ನೊಬ್ಬರು ತಲೆಯ ಮೇಲೆ ಬಾಳೆಗೊನೆ ಹೊತ್ತು ಗುಡ್ಡ ಹತ್ತುತ್ತಾರೆ. ಹಿತ್ತಲಿನ ಅಲಸಂಡೆ, ತೊಂಡೆ, ಕುಂಬಳ, ಎಣಿಸಿ ತಂದ ಹತ್ತು ತೆಂಗಿನಕಾಯಿ, ಹಿಂಗಾರದ ಗೊಂಚಲು, ಬಾಳೆಲೆಯ ಕಟ್ಟು, ಹೀಗೆ ಒಂದೊಂದೇ ಬಂದು ವರಾಂಡ ತುಂಬುತ್ತದೆ. ಯಾರ ಮನೆಯಿಂದ ಏನು ಬಂತೆಂದು ಐದನೆಯ ತರಗತಿಯ ಹುಡುಗಿಯೊಬ್ಬಳು ನೋಟುಪುಸ್ತಕದಲ್ಲಿ ಬರೆಯುತ್ತಾಳೆ. ಅವಳ ಅಜ್ಜಿಯ ಹೆಸರು ಬರೆಯುವಾಗ ಅಕ್ಷರ ತುಸು ದೊಡ್ಡದಾಗುತ್ತದೆ. ಪೂಜೆಯಲ್ಲಿ ಭಾಗವಹಿಸದ ಮತದವರ ಮನೆಗಳೂ ಊಟದ ಅಕ್ಕಿಗೆ, ಚಪ್ಪರದ ಕೆಲಸಕ್ಕೆ, ಮೈದಾನ ಸಮತಟ್ಟು ಮಾಡುವುದಕ್ಕೆ ಹಿಂದುಳಿಯುವುದಿಲ್ಲ. ಅವರ ಮಕ್ಕಳು ಓದುವುದೂ ಇಲ್ಲಿಯೇ.

ಅಡುಗೆಮನೆಯ ಆಳ್ವಿಕೆ ತಾಯಂದಿರದು. ವರ್ಷವಿಡೀ ಮಧ್ಯಾಹ್ನದ ಊಟದ ಅಕ್ಕಿ ಸರಕಾರದಿಂದ ಬರುತ್ತದೆ, ಅಡುಗೆಗೆ ಒಬ್ಬರಿದ್ದಾರೆ. ಆದರೆ ಹಬ್ಬದ ದಿನ ಸುಮಾರು 600 ಎಲೆ ಬೀಳುವಾಗ ಅಡುಗೆಯವಳೊಬ್ಬಳಿಂದ ಆಗುವ ಕೆಲಸವಲ್ಲ ಅದು. ಬೆಳಗಿನ ಜಾವ ನಾಲ್ಕಕ್ಕೆ ಬಂದವರು ಕಾಯಿ ಹೋಳು ಮಾಡುತ್ತ, ತೆಂಗಿನಕಾಯಿ ತುರಿಯುತ್ತ, ಅರೆಯುತ್ತ ಮಾತಾಡುವ ಮಾತುಗಳಲ್ಲಿಯೇ ಶಾಲೆಯ ನಿಜವಾದ ಸಭೆ ನಡೆದುಹೋಗುತ್ತದೆ. ಯಾವ ಮಗು ಇತ್ತೀಚೆಗೆ ಮಂಕಾಗಿದೆ, ಯಾರ ತಂದೆ ಗಲ್ಫಿನಿಂದ ಕೆಲಸ ಕಳೆದುಕೊಂಡು ಮರಳಿದ್ದಾರೆ, ಗಣಿತದ ಪಾಠ ಯಾರಿಗೆ ಹತ್ತುತ್ತಿಲ್ಲ, ಯಾವ ಮನೆಯ ಅಂಗನವಾಡಿಯ ಕೂಸನ್ನು ಬರುವ ವರ್ಷ ಎಲ್ಲಿಗೆ ಕಳುಹಿಸುವ ಯೋಚನೆಯಿದೆ, ಇವೆಲ್ಲ ಅಲ್ಲಿ ತಿಳಿಯುತ್ತವೆ. ಮುದ್ರಿತ ಕಾರ್ಯಸೂಚಿಯ ಸಭೆಯಲ್ಲಿ ತುಟಿ ಬಿಚ್ಚದವರು ಮೆಟ್ಟುಕತ್ತಿಯ ಮುಂದೆ ಕುಳಿತಾಗ ಮನಸ್ಸು ಬಿಚ್ಚುತ್ತಾರೆ.

ಅದೇ ಹೊತ್ತಿನಲ್ಲಿ ಪಕ್ಕದ ತರಗತಿಯೊಳಗೆ ಚೆಂಡೆ, ಮದ್ದಳೆಗಳ ಸದ್ದು. ತೆಂಕುತಿಟ್ಟು ಯಕ್ಷಗಾನದ ಪಿತಾಮಹನೆಂದು ಗೌರವಿಸಲಾಗುವ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ಶಾಲೆಯ ಮಕ್ಕಳಿಗೆ ಹೆಜ್ಜೆ ಕಲಿಸುವವರು ಹಗಲು ಗಾರೆ ಕೆಲಸ ಮಾಡುವ ಒಬ್ಬ ತಂದೆ. ಅರ್ಥ ಹೇಳಿಕೊಡುವವರು ನಿವೃತ್ತ ಅಧ್ಯಾಪಕರು. ಕುಣಿಯುವ ಎಂಟು ಮಕ್ಕಳಲ್ಲಿ ಐವರ ಮನೆಮಾತು ತುಳು, ಒಬ್ಬನದು ಕರಾಡ ಮರಾಠಿ, ಒಬ್ಬಳದು ಮಲಯಾಳ, ಒಬ್ಬಳದು ಹವ್ಯಕ ಕನ್ನಡ. ವೇಷ ಕಟ್ಟುವ ಮೊದಲು ಹಾಗೂ ಬಿಚ್ಚಿದ ಮೇಲೆ ಅವರು ಪರಸ್ಪರ ಆಡುವುದು ತುಳು. ರಂಗಕ್ಕೆ ಬಂದೊಡನೆ ‘ಎಲೈ ಸಾರಥಿ’ ಎಂದು ತಡೆಯಿಲ್ಲದ ಗ್ರಾಂಥಿಕ ಕನ್ನಡ. ಹೊರಗಿನಿಂದ ಬಂದವರಿಗೆ ಇದು ಅಚ್ಚರಿ. ಊರಿನವರಿಗೆ ನಿತ್ಯದ ಸಂಗತಿ. ಕಾಸರಗೋಡಿನ ನೆಲದಲ್ಲಿ ಕನ್ನಡವೆಂಬುದು ಕೆಲವು ಮನೆಗಳ ಮಾತು ಮಾತ್ರವಲ್ಲ. ಬೇರೆ ಬೇರೆ ಮಾತಿನ ಮನೆಗಳು ಓದುವುದಕ್ಕೆ, ಬರೆಯುವುದಕ್ಕೆ, ಕಥೆ ಕೇಳುವುದಕ್ಕೆ ಒಟ್ಟಾಗಿ ಆರಿಸಿಕೊಂಡ ಭಾಷೆ.

ಈ ಮಾತಿಗೆ ಕಾನೂನಿನ ಮುಖವೂ ಒಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದು 350ಎ ವಿಧಿ ಹುಟ್ಟಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು ಅದು ವಿಧಿಸುತ್ತದೆ. ಗಡಿ ಎಳೆದ ದಿನವೇ ಗಡಿಯಾಚೆ ಉಳಿದವರ ಮಕ್ಕಳಿಗೆಂದು ಒಂದು ರಕ್ಷೆಯನ್ನೂ ಬರೆದಿಟ್ಟರು ಎಂಬುದನ್ನು ನವೆಂಬರ್ 1ರ ಭಾಷಣಗಳಲ್ಲಿ ನೆನೆಯುವವರು ಕಡಿಮೆ.

ಆದರೆ ಮನೆಯಲ್ಲಿ ತುಳುವಾಡುವ ಮಗುವಿನ ಮಾತೃಭಾಷೆ ಯಾವುದು? ಜನಗಣತಿಯ ಹಾಳೆಯಲ್ಲಿ ತುಳುವೆಂದು ಬರೆಸಿದವರು ಶಾಲೆಯಲ್ಲಿ ಕನ್ನಡವನ್ನು ಕೇಳುವಂತಿಲ್ಲವೇ? ಈ ಸಂಶಯಕ್ಕೆ ಉತ್ತರ ದೊರೆತದ್ದು ಬೇರೆಯೇ ಒಂದು ವ್ಯಾಜ್ಯದಲ್ಲಿ. ಕರ್ನಾಟಕದ ಭಾಷಾ ಮಾಧ್ಯಮ ನೀತಿಯನ್ನು ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ನೀಡಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು ಹೇಳಿದ ಆ ತೀರ್ಪನ್ನು ಕನ್ನಡಕ್ಕೆ ಬಿದ್ದ ಪೆಟ್ಟೆಂದೇ ಹಲವರು ಕಂಡರು. ಅದು ಸುಳ್ಳಲ್ಲ. ಆದರೆ ಅದೇ ತೀರ್ಪು ಇನ್ನೊಂದನ್ನೂ ಹೇಳಿತು: ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಅದರ ತಂದೆ ತಾಯಿ ಅಥವಾ ಪೋಷಕರು. ಬೆಂಗಳೂರಿನಲ್ಲಿ ಇಂಗ್ಲಿಷಿಗೆ ಬಾಗಿಲು ತೆರೆದ ಈ ಮಾತೇ, ಮಂಜೇಶ್ವರದ ತುಳು ಮನೆಯ ತಾಯಿಗೆ ‘ನನ್ನ ಮಗುವಿನ ಕಲಿಕೆಯ ಭಾಷೆ ಕನ್ನಡ’ ಎಂದು ಹೇಳುವ ಬಲವನ್ನೂ ಕೊಟ್ಟಿತು. ಹೇಳುವುದು ಬಿಡುವುದು ಆಕೆಗೆ ಸೇರಿದ್ದು. ಕಾನೂನು ಆಕೆಯ ಪರವಾಗಿ ಬಾಯಿ ತೆರೆಯಲಾರದು.

ಗುಡ್ಡದ ಆ ಶಾಲೆಯಲ್ಲಿ ಈ ಸತ್ಯ ಎಲ್ಲರ ಮುಂದೆ ಬಂದು ನಿಂತದ್ದು ಶಾರದಾ ಪೂಜೆಯ ಲೆಕ್ಕ ಮಂಡಿಸಿದ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ. ಶನಿವಾರದ ಮಧ್ಯಾಹ್ನ, ಹೊರಗೆ ಮೋಡ ಕವಿಯುತ್ತಿತ್ತು. ಚಪ್ಪರ, ಹೂವು, ಧ್ವನಿವರ್ಧಕ, ಊಟ, ಎಲ್ಲದರ ಲೆಕ್ಕ ಓದಿ ಮುಗಿಸಿದ ಮುಖ್ಯೋಪಾಧ್ಯಾಯಿನಿ, ಖರ್ಚು ಕಳೆದು 2,140 ರೂಪಾಯಿ ಉಳಿದಿದೆಯೆಂದರು. ಚಪ್ಪಾಳೆಯಾಯಿತು. ಆಗ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಬೀಡಿ ಕಟ್ಟುವ ತಾಯಿಯೊಬ್ಬರು ಎದ್ದು ನಿಂತರು.

“ಟೀಚರ್, ಹೂವಿಗೆ ಎಷ್ಟಾಯಿತು, ಚಪ್ಪರಕ್ಕೆ ಎಷ್ಟಾಯಿತು ಎಂದು ಓದಿದಿರಿ. ಬರುವ ಜೂನಿಗೆ ಒಂದನೆಯ ಕ್ಲಾಸಿಗೆ ಎಷ್ಟು ಮಕ್ಕಳು ಬರುತ್ತಾರೆ? ಆ ಲೆಕ್ಕ ಯಾರಲ್ಲಿದೆ?”

ಯಾರೂ ಮಾತಾಡಲಿಲ್ಲ. ಆ ವರ್ಷ ಒಂದನೆಯ ತರಗತಿಯಲ್ಲಿ ಇದ್ದವರು ಆರು ಮಕ್ಕಳು. ಏಳನೆಯ ತರಗತಿಯಲ್ಲಿದ್ದವರು 17. ಈ 17 ಮಂದಿ ಬೇಸಿಗೆಯಲ್ಲಿ ಹೈಸ್ಕೂಲಿಗೆ ಹೊರಟು ಹೋಗುತ್ತಾರೆ. ಕೂಡುವ ಕಳೆಯುವ ಲೆಕ್ಕ ಬಲ್ಲ ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ದಿನದ ಸಂಖ್ಯೆಯ ಮೇಲೆ ಅಧ್ಯಾಪಕರ ಹುದ್ದೆಗಳು ನಿಗದಿಯಾಗುತ್ತವೆ. ಹುದ್ದೆ ಹೋದರೆ ತರಗತಿಗೆ ಅಧ್ಯಾಪಕರಿಲ್ಲ, ಅಧ್ಯಾಪಕರಿಲ್ಲವೆಂದು ಮಕ್ಕಳು ಬರುವುದಿಲ್ಲ, ಮಕ್ಕಳು ಬರುವುದಿಲ್ಲವೆಂದು ಇನ್ನೊಂದು ಹುದ್ದೆ ಹೋಗುತ್ತದೆ. ಚಪ್ಪರದ ಕೆಳಗೆ ಉಂಡ 600 ಜನರನ್ನು ಆ ದಿನ ಯಾರೂ ಎಣಿಸುವುದಿಲ್ಲ.

ಮೌನವನ್ನು ಮುರಿದವರು ಉತ್ಸವ ಸಮಿತಿಯ ಹಿರಿಯರು. ಇದೇ ಶಾಲೆಯ ಹಳೆ ವಿದ್ಯಾರ್ಥಿ, ಪ್ರತಿವರ್ಷ ಚಪ್ಪರದ ಮೊದಲ ಕಂಬ ನೆಡುವವರು.

“ತಂಗಿ ಕೇಳಿದ್ದು ಸರಿಯಾಗಿದೆ. ನನ್ನ ಮೊಮ್ಮಗ ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ, ನಿಮಗೆಲ್ಲ ಗೊತ್ತಿದೆ. ಮಗ ಸೊಸೆ ಆ ತೀರ್ಮಾನ ಮಾಡುವ ದಿನ ನನ್ನಲ್ಲಿ ಒಂದೇ ಪ್ರಶ್ನೆ ಕೇಳಿದರು. ‘ನಾಲ್ಕು ತಿಂಗಳು ಅಧ್ಯಾಪಕರಿಲ್ಲದ ತರಗತಿಯಲ್ಲಿ ಇವನನ್ನು ಕೂರಿಸುವುದೇ ಅಪ್ಪ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.”

ಸಭೆಗಳಲ್ಲಿ ಇಂಥ ಮಾತು ಬಂದಾಗ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಮೊದಲನೆಯದು ಸರಕಾರದತ್ತ ಬೆರಳು ತೋರುವುದು. ಅದಕ್ಕೆ ಕಾರಣಗಳಿಲ್ಲದಿಲ್ಲ. ಕನ್ನಡ ಅರಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕಗೊಂಡು ಬಂದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದ, ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗಗಳನ್ನು ಈ ಜಿಲ್ಲೆ ಕಂಡಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗಲೂ ಕನ್ನಡಿಗರು ಒಟ್ಟಾಗಿ ಪ್ರತಿಭಟಿಸಿದರು. ಎರಡನೆಯ ಉತ್ತರ ಹೆತ್ತವರನ್ನು ದೂರುವುದು: ಭಾಷಾಭಿಮಾನ ಇಲ್ಲದವರು, ಟೈ ಬೂಟಿಗೆ ಮರುಳಾದವರು ಎಂದು. ಈ ಮಾತು ಆಡುವವರಿಗೆ ಸಮಾಧಾನ ಕೊಡುತ್ತದೆ. ಒಂದು ಮಗುವನ್ನಾದರೂ ಶಾಲೆಗೆ ಕರೆತಂದ ಉದಾಹರಣೆ ಇಲ್ಲ. ತನ್ನ ಮಗುವಿನ ನಾಳೆಯ ಬಗ್ಗೆ ಹೆದರಿದ ತಾಯಿಯನ್ನು ವೇದಿಕೆಯ ಮೇಲಿಂದ ನಾಚಿಸಿದರೆ ಆಕೆ ಇನ್ನೊಮ್ಮೆ ವೇದಿಕೆಯ ಮುಂದೆ ಬಂದು ಕೂರುವುದಿಲ್ಲ, ಅಷ್ಟೆ.

ಆ ಶನಿವಾರ ಬೀಡಿ ಕಟ್ಟುವ ತಾಯಿ ಎರಡನ್ನೂ ಹೇಳಲಿಲ್ಲ. ಕಾಗದವೊಂದನ್ನು ಕೇಳಿ ಪಡೆದು, ಅಡುಗೆಮನೆಯಲ್ಲಿ ಕೇಳಿ ತಿಳಿದಿದ್ದ ಹೆಸರುಗಳನ್ನು ಹೇಳತೊಡಗಿದರು. ಅಕ್ಕಪಕ್ಕದವರು ಸೇರಿಸಿದರು. ಕೆಳಗಿನ ಬಯಲಿನ ಅಂಗನವಾಡಿಯಲ್ಲಿ ಏಳು, ಸೇತುವೆಯಾಚೆಯದರಲ್ಲಿ ನಾಲ್ಕು. ಬರುವ ಜೂನಿಗೆ ಒಂದನೆಯ ತರಗತಿಗೆ ಸೇರುವ ವಯಸ್ಸಿನವರು ಒಟ್ಟು 11 ಮಕ್ಕಳು. ಖಾಸಗಿ ಶಾಲೆಗಳು ಮುಂದಿನ ವರ್ಷದ ಸೇರ್ಪಡೆಗೆ ಬಹಳ ಮೊದಲೇ ಮನೆಮನೆಗೆ ಬರುತ್ತವೆ. ಕನ್ನಡ ಶಾಲೆಗಳು ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ‘ಪ್ರವೇಶೋತ್ಸವ’ದ ಕರಪತ್ರ ಹಿಡಿದು ಹೊರಡುವಾಗ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ, ಮೊದಲ ಕಂತಿನ ಹಣವೂ ಕಟ್ಟಿಯಾಗಿರುತ್ತದೆ. ಜೂನಿನ ತಲೆಯೆಣಿಕೆಗೆ ಶಾಲೆ ಸಿದ್ಧವಾಗಬೇಕಾದದ್ದು ಅಕ್ಟೋಬರಿನಲ್ಲಿ. ಹಬ್ಬದ ಊಟದ ರುಚಿ ಇನ್ನೂ ನಾಲಿಗೆಯ ಮೇಲಿರುವಾಗ, ಊರಿನವರೆಲ್ಲ ಒಬ್ಬರ ಮನೆಗೊಬ್ಬರು ಹೋಗಿ ಬರುವ ಕಾಲದಲ್ಲಿ.

ದೀಪಾವಳಿಯ ವಾರ ಇಬ್ಬರು ತಾಯಂದಿರೂ ಮುಖ್ಯೋಪಾಧ್ಯಾಯಿನಿಯೂ ಆ ಮನೆಗಳಿಗೆ ಹೊರಟರು. ಅಂಗಳಗಳಲ್ಲಿ ಬಲಿಯೇಂದ್ರನಿಗೆ ನೆಟ್ಟ ಹಾಲೆಯ ಕೊಂಬೆಗಳು ಇನ್ನೂ ನಿಂತಿದ್ದವು. ಒಂದು ಮನೆಯಲ್ಲಿ ಚಹಾ ಕೊಟ್ಟು ಕಳುಹಿಸಿದರು, ಮಾತು ಮುಂದುವರಿಯಲಿಲ್ಲ. ಇನ್ನೊಂದರಲ್ಲಿ ಅಜ್ಜಿ ಒಪ್ಪಿದರು, ಮಗ ಮಂಗಳೂರಿನಿಂದ ಬರಬೇಕೆಂದರು. ಮೂರನೆಯದು ರಿಕ್ಷಾ ಓಡಿಸುವವರೊಬ್ಬರ ಮನೆ. ಮಾತಾಡಿದವಳು ಅವರ ಹೆಂಡತಿ, ಇದೇ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ತುಳುವಿನಲ್ಲಿ ಆಕೆ ಹೇಳಿದ್ದು ಹೀಗಿತ್ತು:

“ನಾನು ಆ ಬೆಂಚಿನಲ್ಲಿಯೇ ಕೂತು ಕಲಿತವಳು ಟೀಚರ್. ಕನ್ನಡ ಬೇಡವೆಂದಲ್ಲ. ಹತ್ತನೆಯಲ್ಲಿ ನನಗೆ ಒಳ್ಳೆಯ ಅಂಕವೇ ಬಂತು. ಪ್ಲಸ್ ಟುವಿಗೆ ಹೋದರೆ ಎಲ್ಲ ಪಾಠವೂ ಇಂಗ್ಲಿಷ್. ಪುಸ್ತಕದಲ್ಲಿ ಇರುವುದು ನನಗೆ ಗೊತ್ತಿರುವ ವಿಷಯವೇ, ಆದರೆ ಬಾಯಿ ಬರಲಿಲ್ಲ. ಎರಡು ವರ್ಷ ತಲೆ ತಗ್ಗಿಸಿ ಕೂತೆ. ನನ್ನ ಮಗಳು ಹಾಗೆ ಕೂರಬಾರದು.”

ಜೊತೆಗೆ ಬಂದಿದ್ದ ತಾಯಿಯೊಬ್ಬರು ಏನೋ ಹೇಳಹೊರಟರು. ಮುಖ್ಯೋಪಾಧ್ಯಾಯಿನಿ ಕೈಸನ್ನೆಯಿಂದ ತಡೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ನಿನ್ನ ಹೆದರಿಕೆ ಸುಳ್ಳಲ್ಲ. ನಾವು ನಿನಗೆ ಇಂಗ್ಲಿಷನ್ನು ಇನ್ನೂ ಚೆನ್ನಾಗಿ ಕಲಿಸಬೇಕಿತ್ತು. ಆದರೆ ಪುಸ್ತಕದಲ್ಲಿರುವುದು ಗೊತ್ತಿರುವ ವಿಷಯವೆಂದು ನಿನಗೆ ಅನ್ನಿಸಿತಲ್ಲ, ಅದು ಕನ್ನಡದಲ್ಲಿ ಕಲಿತದ್ದರಿಂದ. ಈಗ ಹಳೆ ವಿದ್ಯಾರ್ಥಿಗಳು ಮೂವರು ವಾರಕ್ಕೆ ಎರಡು ಸಂಜೆ ಬಂದು ಮಕ್ಕಳಿಗೆ ಇಂಗ್ಲಿಷ್ ಓದಿಸಲು, ಮಾತಾಡಿಸಲು ಒಪ್ಪಿದ್ದಾರೆ. ನೀನು ಬಂದು ನೋಡು. ನೋಡಿದ ಮೇಲೆ ತೀರ್ಮಾನ ಮಾಡು.”

“ವ್ಯಾನಿನ ಬಾಡಿಗೆ, ಫೀಸು ಎಲ್ಲ ಸೇರಿದರೆ ನನಗೂ ಭಾರವೇ ಟೀಚರ್,” ಎಂದರು ಗಂಡ. “ಆದರೆ ಕಡಿಮೆ ಖರ್ಚೆಂದು ಮಗಳನ್ನು ಅಲ್ಲಿಗೆ ಹಾಕಿದೆವೆಂದು ನಾಳೆ ಅವಳು ಹೇಳಬಾರದು.” ಗಂಡ ಹೆಂಡತಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಂದು ಅಷ್ಟಕ್ಕೇ ಮಾತು ನಿಂತಿತು.

ಶಾಲೆಯ ವಿಷಯದಲ್ಲಿ ಮನೆಗಳ ಪಾಲುಗಾರಿಕೆಯೆಂದರೆ ಸಾಮಾನ್ಯವಾಗಿ ದುಡಿಮೆ ಮತ್ತು ದೇಣಿಗೆಯೆಂದು ತಿಳಿಯುತ್ತೇವೆ. ಅವು ಬೇಕು. ಮಡಲು ಹೆಣೆದ ಕೈಗಳಿಲ್ಲದೆ ಚಪ್ಪರವಿಲ್ಲ. ಚಪ್ಪರವಿಲ್ಲದೆ ಆ ತಾಯಿ ಆ ಪ್ರಶ್ನೆ ಕೇಳುವ ಧೈರ್ಯ ಪಡೆಯುತ್ತಿರಲಿಲ್ಲ. ಜೊತೆಗೆ ದುಡಿದವರಿಗೆ ಮಾತ್ರ ಕಹಿಯನ್ನು ನೇರವಾಗಿ ಹೇಳುವ ಸಲುಗೆ ಇರುತ್ತದೆ. ಆದರೆ ದುಡಿಮೆ ಅಲ್ಲಿಗೇ ನಿಂತರೆ ಶಾಲೆ ಒಂದು ಉತ್ಸವದ ಮೈದಾನವಾಗಿ ಉಳಿದೀತು, ಪಾಠದ ಮನೆಯಾಗಿ ಅಲ್ಲ. ಆ ಪ್ರಶ್ನೆಯ ಮೇಲೆ ಅದೇ ಸಭೆ ಕೈಗೊಂಡ ನಿರ್ಣಯಗಳು ಈ ದೃಷ್ಟಿಯಿಂದ ಗಮನಾರ್ಹ.

ಮೊದಲನೆಯದು, ಅಧ್ಯಾಪಕರ ಕೊರತೆಯನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ದಿನಾಂಕಸಹಿತ ಬರೆಯುವುದು. ಎಷ್ಟು ದಿನ ಯಾವ ತರಗತಿಗೆ ಅಧ್ಯಾಪಕರಿರಲಿಲ್ಲ, ಯಾವ ಪುಸ್ತಕ ಯಾವ ತಿಂಗಳು ಕೈಸೇರಿತು ಎಂಬ ವಿವರ. ಕಚೇರಿಗಾಗಲಿ ನ್ಯಾಯಾಲಯಕ್ಕಾಗಲಿ ಹೋಗಬೇಕಾಗಿ ಬಂದಾಗ ಜೂನಿನಲ್ಲಿ ಕೂಗಿದ ಘೋಷಣೆಗಿಂತ ಅಕ್ಟೋಬರಿನಲ್ಲಿ ಬರೆದಿಟ್ಟ ಒಂದು ಪುಟಕ್ಕೆ ಬೆಲೆ ಹೆಚ್ಚು. ಎರಡನೆಯದು, ಆ ವಿವರದೊಡನೆ ಮನವಿಯನ್ನು ಕನ್ನಡದಲ್ಲಿಯೇ ಬರೆದು ಶಿಕ್ಷಣಾಧಿಕಾರಿಗೂ ಪಂಚಾಯತಿಗೂ ಸಲ್ಲಿಸುವುದು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಡುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾನೂನು ಕೂಡ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಅವಕಾಶ ನೀಡಿದೆ. ಬಳಸದ ಹಕ್ಕು ಬಳಸದ ಬಾವಿಯಂತೆ. ನೀರಿದ್ದರೂ ಪಾಚಿ ಕಟ್ಟುತ್ತದೆ. ಪಂಚಾಯತಿಗೆ ಕೊಡುವುದಕ್ಕೂ ಕಾರಣವಿದೆ. 350ಎ ವಿಧಿ ಹೊಣೆಯನ್ನು ರಾಜ್ಯಕ್ಕೆ ಮಾತ್ರ ಹೊರಿಸಿಲ್ಲ, ಸ್ಥಳೀಯ ಸಂಸ್ಥೆಗೂ ಹೊರಿಸಿದೆ. ಪಂಚಾಯತಿಯ ಸದಸ್ಯರಾದರೋ ಊರಿನವರು, ಚಪ್ಪರದಲ್ಲಿ ಉಂಡವರು.

ಮೂರನೆಯದು ಇಂಗ್ಲಿಷ್ ಓದಿನ ಸಂಜೆಗಳು. ನಾಲ್ಕನೆಯದು, ಸೇತುವೆಯಾಚೆಯ ಮಕ್ಕಳಿಗಾಗಿ ಎರಡು ರಿಕ್ಷಾಗಳ ಬಾಡಿಗೆಯನ್ನು ಹಂಚಿಕೊಳ್ಳುವುದು. ಉಳಿದಿದ್ದ 2,140 ರೂಪಾಯಿ ಅದರ ಮೊದಲ ನಿಧಿಯಾಯಿತು. ಇವು ಯಾವುವೂ ಕ್ರಾಂತಿಯಲ್ಲ. ಮನೆಯ ಹಿರಿಯರು ಮಳೆಗಾಲಕ್ಕೆ ಮುನ್ನ ಮಾಡಿನ ಹಂಚು ಸರಿಪಡಿಸುವಂಥ ಕೆಲಸಗಳು.

ಉಪಜಿಲ್ಲಾ ಕಲೋತ್ಸವದಲ್ಲಿ ಆ ಶಾಲೆಯ ಹುಡುಗಿಗೆ ಕನ್ನಡ ಕಂಠಪಾಠದಲ್ಲಿ ‘ಎ’ ಗ್ರೇಡ್ ಬಂತು. ಮನೆಯಲ್ಲಿ ಮಲಯಾಳವಾಡುವ ಅದೇ ಹುಡುಗಿ. ಮಗಳ ಬಾಯಲ್ಲಿ ಕನ್ನಡದ ಒಂದೊಂದು ಅಕ್ಷರವೂ ತೊಳೆದ ಹಾಗೆ ಬರುವುದನ್ನು ಕೇಳಿ ಅವಳ ತಂದೆ ಸಭಾಂಗಣದ ಹೊರಗೆ ಬಂದು ಮುಖ ಒರೆಸಿಕೊಂಡರು. ನವೆಂಬರ್ 1ರಂದು ಶಾಲೆಯ ಅಂಗಳದಲ್ಲಿ ಕೇರಳ ರಾಜ್ಯೋದಯದ ದಿನಾಚರಣೆ ಎಂದಿನಂತೆ ನಡೆಯಿತು. ಹತ್ತಾರು ಕಿಲೋಮೀಟರ್ ಆಚೆ ತಲಪಾಡಿ ದಾಟಿದರೆ ಅದೇ ಹೊತ್ತಿಗೆ ರಾಜ್ಯೋತ್ಸವದ ಬಾವುಟ. ಎರಡರ ನಡುವೆ ನಿಂತ ಮಕ್ಕಳಿಗೆ ಮುಖ್ಯೋಪಾಧ್ಯಾಯಿನಿ ಅಂದು 350ಎ ವಿಧಿಯ ಅರ್ಥವನ್ನು ಸರಳವಾಗಿ ಹೇಳಿಕೊಟ್ಟರು. ಇದು ನಿಮ್ಮದೂ ಹುಟ್ಟಿದ ದಿನ ಎಂದರು.

ಮಕ್ಕಳ ದಿನಾಚರಣೆಯಂದು ರಿಕ್ಷಾ ಚಾಲಕರ ಹೆಂಡತಿ ಮಗಳ ಕೈಹಿಡಿದು ಗುಡ್ಡ ಹತ್ತಿ ಬಂದಳು. ಕಾರ್ಯಕ್ರಮ ಮುಗಿದ ಮೇಲೂ ಕುಳಿತಿದ್ದು, ಸಂಜೆಯ ಇಂಗ್ಲಿಷ್ ಓದನ್ನು ಹಿಂದಿನ ಬೆಂಚಿನಿಂದ ನೋಡಿದಳು. ನಡುವೆ ಮೂರನೆಯ ತರಗತಿಯ ಹುಡುಗನೊಬ್ಬ ಒಂದು ಪದಕ್ಕೆ ತಡವರಿಸಿದಾಗ ಆಕೆಯ ತುಟಿ ತಾನೇ ಅಲುಗಿತು. ಹೋಗುವಾಗ ಏನನ್ನೂ ಹೇಳಲಿಲ್ಲ, ಮುಂದಿನ ಓದು ಯಾವ ದಿನವೆಂದು ಮಾತ್ರ ಕೇಳಿದಳು. ಅಡುಗೆಮನೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ 11 ಹೆಸರುಗಳಿವೆ. ನಾಲ್ಕರ ಮುಂದೆ ಶಾಯಿಯ ಗುರುತು ಬಿದ್ದಿದೆ, ಮೂರು ಹೊಡೆದುಹೋಗಿವೆ, ಉಳಿದ ನಾಲ್ಕರ ಮುಂದೆ ಪೆನ್ಸಿಲಿನ ಗುರುತು. ಅವಳ ಮಗಳ ಹೆಸರು ಆ ನಾಲ್ಕರಲ್ಲಿ ಒಂದು. ಜೂನಿನ ಆರನೆಯ ಕೆಲಸದ ದಿನಕ್ಕೆ ಇನ್ನು ಏಳು ತಿಂಗಳಿಲ್ಲ. ಮುಂದಿನ ಶನಿವಾರ ಸೇತುವೆಯಾಚೆಯ ಎರಡು ಮನೆಗಳಿಗೆ ಹೋಗುವುದೆಂದು ತಾಯಂದಿರು ನಿಶ್ಚಯಿಸಿದ್ದಾರೆ.